ಮೆಚ್ಚಿದ್ದು ಕಛೇರಿಯನ್ನೋ, ಟೇಪನ್ನೋ?

ಗ್ರೇಟ್‌ಫುಲ್ ಡೆಡ್ ತಂಡದ ಅಭಿಮಾನಿಗಳಿಗೆ ಆಲ್ಬಮ್ಮುಗಳ ಹೆಸರಿಗಿಂತ ತಾರೀಖುಗಳೇ ಬಾಯಿಪಾಠ. 'ಐದು ಎಂಟು ಎಪ್ಪತ್ತೇಳು' ಎಂದು ಒಬ್ಬರು ಅಂದರೆ ಸಾಕು, ಇನ್ನೊಬ್ಬರು ಊರು, ಸಭಾಂಗಣ, ಎರಡನೆಯ ಭಾಗದಲ್ಲಿ ಯಾವ ಹಾಡು ಯಾವುದಕ್ಕೆ ಹೊರಳಿತು ಎಂಬುದನ್ನೆಲ್ಲ ಒಪ್ಪಿಸುತ್ತಾರೆ. ಅಮೆರಿಕದ ರೂಢಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ಅದು 1977ರ ಮೇ 8, ಊರು ನ್ಯೂಯಾರ್ಕ್ ರಾಜ್ಯದ ಇಥಾಕಾ, ಜಾಗ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. 'ಎಂಟು ಇಪ್ಪತ್ತೇಳು ಎಪ್ಪತ್ತೆರಡು' ಅಂದರೆ ಆರೆಗನ್ ರಾಜ್ಯದ ವೆನೀಟಾ. 'ಎರಡು ಹದಿಮೂರು ಎಪ್ಪತ್ತು' ಅಂದರೆ ನ್ಯೂಯಾರ್ಕ್ ನಗರದ ಫಿಲ್‌ಮೋರ್ ಈಸ್ಟ್. ಇಂಥ ಹತ್ತಿಪ್ಪತ್ತು ತಾರೀಖುಗಳ ಪಟ್ಟಿ ಪ್ರತಿ ಅಭಿಮಾನಿಯ ಹತ್ತಿರವೂ ಇರುತ್ತದೆ. ಪಟ್ಟಿಯ ಮೇಲಿನ ನಾಲ್ಕೈದು ಸಾಲು ಬಹುತೇಕ ಎಲ್ಲರದ್ದೂ ಒಂದೇ.

ಅನುಮಾನ ಹುಟ್ಟಬೇಕಾದದ್ದು ಇಲ್ಲಿಯೇ. 1965ರಿಂದ 1995ರವರೆಗೆ ಈ ತಂಡ ಸುಮಾರು 2,300 ಸಲ ವೇದಿಕೆ ಹತ್ತಿದೆ. ಅಷ್ಟರಲ್ಲಿ ಅದೇ ನಾಲ್ಕೈದು ರಾತ್ರಿಗಳ ಮೇಲೆ ಎಲ್ಲರ ಬೆರಳೂ ಹೇಗೆ ಬಿತ್ತು? ಆ ರಾತ್ರಿಗಳಲ್ಲಿ ತಂಡ ಅಷ್ಟು ಚೆನ್ನಾಗಿ ನುಡಿಸಿತು ಎಂಬುದು ರೂಢಿಯ ಉತ್ತರ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಪಟ್ಟಿಯಲ್ಲಿರುವವುಗಳನ್ನು ಕಛೇರಿ ಎನ್ನದೆ ಟೇಪು ಎಂದು ಕರೆದು ನೋಡಿದರೆ ಉಳಿದರ್ಧ ಕಾಣಿಸುತ್ತದೆ. ಆ ರಾತ್ರಿ ಧ್ವನಿಮುದ್ರಣ ಮಾಡಿದವರು ಯಾರು, ಯಾವ ಯಂತ್ರದಲ್ಲಿ, ರೀಲು ಆಮೇಲೆ ಯಾರ ಕೈ ಸೇರಿತು, ಎಷ್ಟು ಪ್ರತಿಯಾಗಿ ಹಂಚಿಹೋಯಿತು ಎಂಬ ಪ್ರಶ್ನೆಗಳು ಆಗ ಏಳುತ್ತವೆ. ಅಭಿಮಾನಿಯ ಮೆಚ್ಚುಗೆಯಲ್ಲಿ ಗಿಟಾರ್ ಹಿಡಿದವರಿಗೆ ಎಷ್ಟು ಪಾಲಿದೆಯೋ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದವರಿಗೂ ಸಲ್ಲಬೇಕು ಎಂಬುದು ಈ ಲೇಖನದ ವಾದ.

ತಂಡದ ಬಗ್ಗೆ ನಾಲ್ಕು ಮಾತು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ 1965ರಲ್ಲಿ 'ವಾರ್ಲಾಕ್ಸ್' ಎಂಬ ಹೆಸರಿನಲ್ಲಿ ಶುರುವಾದ ಇದರಲ್ಲಿ ಗಿಟಾರಿಗೆ ಜೆರ್ರಿ ಗಾರ್ಸಿಯಾ ಮತ್ತು ಬಾಬ್ ವಿಯರ್, ಬೇಸ್ ಗಿಟಾರಿಗೆ ಫಿಲ್ ಲೆಶ್, ಡ್ರಮ್ಸಿಗೆ ಬಿಲ್ ಕ್ರೊಯ್ಟ್ಸ್‌ಮನ್, ಆರ್ಗನ್ನಿಗೆ 'ಪಿಗ್‌ಪೆನ್' ಎಂದೇ ಹೆಸರಾದ ರಾನ್ ಮೆಕರ್ನನ್. ಎರಡು ವರ್ಷದ ಮೇಲೆ ಎರಡನೆಯ ಡ್ರಮ್ಮರ್ ಆಗಿ ಮಿಕ್ಕಿ ಹಾರ್ಟ್ ಸೇರಿಕೊಂಡರು. ಬ್ಲೂಸ್, ಕಂಟ್ರಿ, ಜಾಝ್ ಎಲ್ಲ ಬೆರೆತ ಇವರ ಸಂಗೀತದ ಜೀವಾಳ ಮನೋಧರ್ಮ. ಹಾಡಿನ ಪಲ್ಲವಿ, ಚರಣ ಮುಗಿದ ಮೇಲೆ ಅದನ್ನು ಬಿಚ್ಚಿ ಹತ್ತು, ಇಪ್ಪತ್ತು, ಮೂವತ್ತು ನಿಮಿಷ ಬೆಳೆಸಿ, ನಿಲ್ಲಿಸದೆ ಇನ್ನೊಂದು ಹಾಡಿಗೆ ದಾಟುವುದು ಇವರ ಕ್ರಮ. ಜ್ಯಾಮ್ ಬ್ಯಾಂಡ್ ಎನ್ನುವುದು ಇದಕ್ಕೇ. ಕರಾವಳಿಯ ತಾಳಮದ್ದಳೆಗೆ ಹೋಗಿ ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪ್ರಸಂಗ ಗೊತ್ತಿದ್ದದ್ದೇ, ಪದ್ಯವೂ ಗೊತ್ತಿದ್ದದ್ದೇ, ಇವತ್ತು ಅರ್ಥಧಾರಿ ಏನು ಹೇಳುತ್ತಾರೆ ಎಂಬುದಕ್ಕಾಗಿ ಜನ ಬೆಳಗಿನವರೆಗೆ ಕಾಯುತ್ತಾರೆ.

'ಡಾರ್ಕ್ ಸ್ಟಾರ್' ಹಾಡನ್ನೇ ತೆಗೆದುಕೊಳ್ಳಿ. 1968ರಲ್ಲಿ ಸಣ್ಣ ರೆಕಾರ್ಡಾಗಿ ಬಂದಾಗ ಅದರ ಅವಧಿ ಮೂರು ನಿಮಿಷಕ್ಕೂ ಕಡಿಮೆ. ಕೊಂಡವರು ಕಡಿಮೆ, ನೆನಪಿಟ್ಟುಕೊಂಡವರು ಇನ್ನೂ ಕಡಿಮೆ. ಮರುವರ್ಷ ಫೆಬ್ರುವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್‌ನಲ್ಲಿ ಅದೇ ಹಾಡು 23 ನಿಮಿಷ ಬೆಳೆಯಿತು. ಅದೇ 'ಲೈವ್/ಡೆಡ್' ಆಲ್ಬಮ್ಮಿನ ಮೊದಲ ಮುಖ. ಆ ಆಲ್ಬಮ್ ಹುಟ್ಟಿದ ಹಿನ್ನೆಲೆಯಲ್ಲಿ ಹಣದ ಕಥೆಯೂ ಇದೆ. ಹಿಂದಿನ ಸ್ಟುಡಿಯೊ ಆಲ್ಬಮ್ಮಿಗೆ ತಂಡ ಸುಮಾರು 1,80,000 ಡಾಲರ್ ಸುರಿದು ರೆಕಾರ್ಡ್ ಕಂಪನಿಯ ಸಾಲಗಾರನಾಗಿತ್ತು. ವೇದಿಕೆಯಲ್ಲಿ ನುಡಿಸಿದ್ದನ್ನೇ ಮುದ್ರಿಸಿ ಕೊಟ್ಟರೆ ಖರ್ಚು ಕಡಿಮೆ, ಸಾಲವೂ ತೀರುತ್ತದೆ. ಅದಕ್ಕಾಗಿ ಆಗಷ್ಟೇ ಬಂದಿದ್ದ, ಆಳೆತ್ತರದ 16 ಟ್ರ್ಯಾಕಿನ ಆಂಪೆಕ್ಸ್ ಯಂತ್ರವನ್ನು ಸ್ಟುಡಿಯೊದಿಂದ ಸಭಾಂಗಣಕ್ಕೆ ಹೊತ್ತು ತಂದವರು ಬಾಬ್ ಮ್ಯಾಥ್ಯೂಸ್ ಮತ್ತು ಬೆಟ್ಟಿ ಕ್ಯಾಂಟರ್ ಎಂಬ ಇಬ್ಬರು ಎಳೆಯ ತಂತ್ರಜ್ಞರು. ರಾಕ್ ಸಂಗೀತದಲ್ಲಿ 16 ಟ್ರ್ಯಾಕಿನ ಮೊದಲ ಲೈವ್ ಆಲ್ಬಮ್ ಹೀಗೆ ಬಂತು. ಎರಡು ಡ್ರಮ್ಮುಗಳೂ ಎರಡು ಗಿಟಾರುಗಳೂ ಬೇಸೂ ಒಂದರ ಮೇಲೊಂದು ಬೀಳದೆ ಬೇರೆಬೇರೆಯಾಗಿ ಕೇಳುವುದು ಆ ಯಂತ್ರದ ದಯೆಯಿಂದ. ಲೆಶ್ ಅವರ ಬೇಸ್ ತಾಳಕ್ಕೆ ಆಸರೆಯಾಗಿ ಮಾತ್ರ ಉಳಿಯದೆ ಗಾರ್ಸಿಯಾರ ಗಿಟಾರಿನ ಜತೆ ಮಾತಿಗೆ ಮಾತು ಕೂಡಿಸುತ್ತದೆ ಎಂಬುದನ್ನು ಹೊರಗಿನ ಲೋಕ ಮೊದಲು ಗಮನಿಸಿದ್ದು ಈ ಆಲ್ಬಮ್ಮಿನಲ್ಲೇ.

ಅದೇ ಆಲ್ಬಮ್ಮಿನಲ್ಲಿ 'ದಿ ಇಲೆವೆನ್' ಎಂಬ ಹಾಡಿದೆ. ಹೆಸರೇ ಹೇಳುವಂತೆ ಹನ್ನೊಂದು ಎಣಿಕೆಯ ಆವರ್ತ. ಮಿಕ್ಕಿ ಹಾರ್ಟ್ ಉಸ್ತಾದ್ ಅಲ್ಲಾ ರಖಾ ಅವರಲ್ಲಿ ಲಯದ ಲೆಕ್ಕಾಚಾರ ಕಲಿತವರು. ಉಸ್ತಾದರ ಮಗ ಜಾಕಿರ್ ಹುಸೇನ್ ಜತೆ 1976ರಲ್ಲಿ 'ದಿಗಾ' ಎಂಬ ಆಲ್ಬಮ್ಮನ್ನೂ ಮಾಡಿದರು. ನಮ್ಮ ಕಡೆಯ ಕಿವಿಗೆ ಈ ತಂಡ ಪೂರ್ತಿ ಪರದೇಶಿಯಾಗಿ ಕೇಳದಿದ್ದರೆ ಕಾರಣ ಇಷ್ಟರಲ್ಲೇ ಇದೆ.

ಈಗ ಕಾರ್ನೆಲ್. ಬಾರ್ಟನ್ ಹಾಲ್ ಸೈನಿಕ ಕವಾಯತಿಗೆಂದು ಕಟ್ಟಿದ, ಆಮೇಲೆ ವಿದ್ಯಾರ್ಥಿಗಳ ಆಟೋಟದ ಜಾಗವಾದ ದೊಡ್ಡ ಕಟ್ಟಡ. ಮೇ ತಿಂಗಳಾದರೂ ಆ ದಿನ ಹಿಮ ಬಿದ್ದಿತ್ತು. ಒಳಗೆ ಮುಂದಿನ ಸಾಲುಗಳ ನೂಕುನುಗ್ಗಲು ಎಷ್ಟಿತ್ತೆಂದರೆ ಎರಡನೆಯ ಭಾಗ ಶುರುವಾಗುವ ಮುಂಚೆ ವೇದಿಕೆಯಿಂದಲೇ 'ಒಂದೊಂದು ಹೆಜ್ಜೆ ಹಿಂದೆ ಸರಿಯಿರಿ' ಎಂದು ತಮಾಷೆಯ ದನಿಯಲ್ಲಿ ಜನರನ್ನು ಹಿಂದಕ್ಕೆ ಕಳಿಸಿದರು. ಟೇಪಿನಲ್ಲಿ ಅದೂ ಇದೆ. ಆಮೇಲೆ 'ಸ್ಕಾರ್ಲೆಟ್ ಬಿಗೋನಿಯಾಸ್'. ಅಲ್ಲಿಂದ 'ಫೈರ್ ಆನ್ ದ ಮೌಂಟನ್' ಹಾಡಿಗೆ ದಾಟುವ ಭಾಗವನ್ನು ಕೇಳಿದವರು ಪಟ್ಟಿಯ ತಕರಾರನ್ನೇ ಮರೆಯುತ್ತಾರೆ. ಮೊದಲ ಹಾಡಿನ ಲಯ ಸಡಿಲವಾಗುತ್ತ ಬರುತ್ತದೆ, ತಂಡದ ಗಾಯಕಿ ಡೊನ್ನಾ ಜೀನ್ ಗಾಡ್‌ಶೋ ಪದವಿಲ್ಲದ ಆಲಾಪನೆ ತೆಗೆಯುತ್ತಾರೆ, ಡ್ರಮ್ಸಿನವರು ಇನ್ನೂ ಹಳೆಯ ಹಾಡಿನಲ್ಲಿದ್ದಂತೆಯೇ ಲೆಶ್ ಹೊಸದರ ಎರಡೇ ಸ್ವರಮೇಳದ ಬುನಾದಿಯನ್ನು ಕೆಳಗೆ ಹಾಸಿಬಿಡುತ್ತಾರೆ. ಯಾವ ಕ್ಷಣದಲ್ಲಿ ದಾಟಿದರು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಎರಡೂ ಸೇರಿ ಸುಮಾರು 25 ನಿಮಿಷ. ಭಾಗದ ಕೊನೆಗೆ 'ಮಾರ್ನಿಂಗ್ ಡ್ಯೂ' ಬರುತ್ತದೆ. ಅದರ ಅಂತ್ಯದಲ್ಲಿ ಗಾರ್ಸಿಯಾ ಪಿಸುಮಾತಿನಂಥ ಸ್ವರಗಳಿಂದ ಹೊರಟು ಒಂದೇ ಸಮ ಮೀಟುತ್ತ ಮೀಟುತ್ತ ಇಡೀ ತಂಡವನ್ನು ಮೇಲಕ್ಕೆ ಎಳೆದೊಯ್ಯುತ್ತಾರೆ.

ಚೆನ್ನಾಗಿದೆ, ನಿಜ. ಆದರೆ ಹಿಂದಿನ ರಾತ್ರಿ ಬಾಸ್ಟನ್ನಿನಲ್ಲಿ, ಮರುರಾತ್ರಿ ಬಫಲೋದಲ್ಲಿ ನುಡಿಸಿದ್ದೂ ಇದೇ ತಂಡವೇ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಕೀತ್ ಓಲ್ಸನ್ ಎಂಬ ಶಿಸ್ತಿನ ನಿರ್ಮಾಪಕರ ಕೈಯಲ್ಲಿ 'ಟೆರಪಿನ್ ಸ್ಟೇಷನ್' ಆಲ್ಬಮ್ಮಿಗಾಗಿ ತಂಡ ಕಟ್ಟುನಿಟ್ಟಿನ ತಾಲೀಮು ಮಾಡಿತ್ತು. ಅದರ ಫಲ ಆ ವಸಂತದ ಪ್ರವಾಸದುದ್ದಕ್ಕೂ ಕೇಳುತ್ತದೆ. ಬಫಲೋದ ಕಾರ್ಯಕ್ರಮ 'ಹೆಲ್ಪ್ ಆನ್ ದ ವೇ', 'ಸ್ಲಿಪ್‌ನಾಟ್', 'ಫ್ರಾಂಕ್ಲಿನ್ಸ್ ಟವರ್' ಎಂಬ ಮೂರರ ಸರಪಳಿಯಿಂದ ಶುರುವಾಗುತ್ತದೆ. ಮೊದಲ ಭಾಗದ ಮಟ್ಟಿಗೆ ಹೇಳುವುದಾದರೆ ಬಫಲೋ ಕಾರ್ನೆಲ್‌ಗಿಂತ ಒಂದು ಕೈ ಮೇಲೆಯೇ. ಹಾಗಿದ್ದೂ 2011ರ ಸಾಲಿನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡದ್ದು ಕಾರ್ನೆಲ್ ಟೇಪನ್ನು. ಆ ರಾತ್ರಿಯ ಹೆಸರು ಎಷ್ಟು ಬೆಳೆಯಿತೆಂದರೆ, ಕಾರ್ನೆಲ್ ಕಾರ್ಯಕ್ರಮ ನಡೆದೇ ಇಲ್ಲ, ಅದೆಲ್ಲ ಗೂಢಚಾರ ಇಲಾಖೆಯ ಕಟ್ಟುಕಥೆ ಎಂಬ ಕುಚೋದ್ಯವೂ ಅಭಿಮಾನಿಗಳ ನಡುವೆ ಓಡಾಡುತ್ತದೆ.

ಈ ಬೆಳವಣಿಗೆಗೆ ಕಾರಣ ಹುಡುಕಹೊರಟರೆ ಮತ್ತೆ ಎದುರಾಗುವವರು ಬೆಟ್ಟಿ ಕ್ಯಾಂಟರ್, ಅಷ್ಟು ಹೊತ್ತಿಗೆ ಬೆಟ್ಟಿ ಕ್ಯಾಂಟರ್-ಜಾಕ್ಸನ್. ರಾಕ್ ತಂಡಗಳ ತಾಂತ್ರಿಕ ಬಳಗದಲ್ಲಿ ಹೆಂಗಸರು ತೀರಾ ಕಡಿಮೆಯಿದ್ದ ಕಾಲದಲ್ಲಿ ಅವರು ಕೆಲಸ ಮಾಡಿದರು. ಸಾಮಾನ್ಯವಾಗಿ 'ಸೌಂಡ್‌ಬೋರ್ಡ್ ಟೇಪು' ಅಂದರೆ ಸಭಾಂಗಣದ ಸ್ಪೀಕರುಗಳಿಗೆ ಹೋಗುವ ಮಿಶ್ರಣವನ್ನೇ ಒಂದು ತಂತಿಯಲ್ಲಿ ತಿರುಗಿಸಿ ಹಿಡಿದದ್ದು. ಅದರಲ್ಲೊಂದು ತೊಡಕಿದೆ. ವೇದಿಕೆಯ ಮೇಲೇ ಜೋರಾಗಿ ಕೇಳುವ ಗಿಟಾರನ್ನು ಸ್ಪೀಕರಿಗೆ ಹೆಚ್ಚು ಕಳಿಸಬೇಕಾಗಿಲ್ಲ. ಹಾಗಾಗಿ ಅಂಥ ಟೇಪಿನಲ್ಲಿ ಕಂಠ ಮುಂದೆ ಬಂದು ಕೂರುತ್ತದೆ, ಗಿಟಾರ್ ಪಕ್ಕದ ಕೋಣೆಗೆ ಹೋದಂತಿರುತ್ತದೆ. ಬೆಟ್ಟಿ ಹಾಗೆ ಮಾಡಲಿಲ್ಲ. ಮೈಕುಗಳ ತಂತಿಯನ್ನು ಕವಲೊಡೆಸಿ ತಮಗೇ ಬೇರೆ ಸಾಲು ತೆಗೆದುಕೊಂಡು, ಹೆಡ್‌ಫೋನಿನಲ್ಲಿ ಕೇಳುತ್ತ, ಟೇಪಿಗೆಂದೇ ಪ್ರತ್ಯೇಕ ಮಿಶ್ರಣ ಮಾಡಿ ನಾಗ್ರಾ ಯಂತ್ರದ ರೀಲಿಗೆ ಇಳಿಸುತ್ತಿದ್ದರು. ಎರಡೇ ಟ್ರ್ಯಾಕು. ಆಮೇಲೆ ತಿದ್ದುವ ಅವಕಾಶವಿಲ್ಲ. ಗಾರ್ಸಿಯಾ ಯಾವಾಗ ಏರುತ್ತಾರೆ, ಲೆಶ್ ಯಾವಾಗ ಗುಡುಗುತ್ತಾರೆ ಎಂಬುದನ್ನು ಮುಂದಾಗಿ ಊಹಿಸಿ ಗುಂಡಿ ತಿರುಗಿಸಬೇಕು. ಎಂದರೆ ಆ ರಾತ್ರಿ ಅಲ್ಲಿ ಮನೋಧರ್ಮ ನಡೆಸುತ್ತಿದ್ದವರಲ್ಲಿ ಅವರೂ ಒಬ್ಬರು.

ಆ ರೀಲುಗಳ ಮುಂದಿನ ಕಥೆ ಇನ್ನೂ ವಿಚಿತ್ರ. ಎಂಬತ್ತರ ದಶಕದಲ್ಲಿ ತಂಡದ ಬಳಗದಿಂದ ದೂರವಾಗಿ, ಕೈಯಲ್ಲಿ ಹಣವಿಲ್ಲದ ಸ್ಥಿತಿಯಲ್ಲಿ, ಬೆಟ್ಟಿ ತಮ್ಮ ರೀಲುಗಳನ್ನೆಲ್ಲ ಒಂದು ಬಾಡಿಗೆ ಗೋದಾಮಿನಲ್ಲಿ ಇಟ್ಟಿದ್ದರು. ಬಾಡಿಗೆ ಬಾಕಿ ಬಿತ್ತು. 1986ರಲ್ಲಿ ಗೋದಾಮಿನವರು ಸರಕನ್ನು ಹರಾಜು ಹಾಕಿದರು. ಕೊಂಡವರ ಕೈಯಿಂದ ರೀಲುಗಳಲ್ಲಿ ಒಂದಿಷ್ಟು ಒಳ್ಳೆಯ ಯಂತ್ರಗಳಿದ್ದ ಟೇಪುಪ್ರಿಯರಿಗೆ ಸಿಕ್ಕಿ, ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಪ್ರತಿಯ ಮೇಲೆ ಪ್ರತಿಯಾಗಿ ಅಮೆರಿಕದ ತುಂಬ ಹರಡಿದವು. 'ಬೆಟ್ಟಿ ಬೋರ್ಡ್ಸ್' ಎಂಬ ಹೆಸರು ಹುಟ್ಟಿದ್ದು ಆಗ.

ಕಾಲದ ಕೂಟ ನೋಡಿ. 1987ರಲ್ಲಿ 'ಟಚ್ ಆಫ್ ಗ್ರೇ' ಹಾಡು ಅಮೆರಿಕದ ಮೊದಲ ಹತ್ತರೊಳಗೆ ಬಂದು, ಇಪ್ಪತ್ತೆರಡು ವರ್ಷ ಹಾಡಿಕೊಂಡು ಬಂದಿದ್ದ ತಂಡಕ್ಕೆ ಹೊಸ ಹುಡುಗರ ದಂಡೇ ಸೇರಿತು. ಅವರಿಗೆ ಟೇಪು ಬೇಕು. ಹಳೆಯವರ ಹತ್ತಿರ ಆಗಷ್ಟೇ ಬಂದ, ಸ್ಟುಡಿಯೊದಲ್ಲಿ ಮಾಡಿದಂತೆ ಕೇಳುವ ಕಾರ್ನೆಲ್ ಇದೆ. ಹೊಸಬನ ಕೈಗೆ ಮೊದಲು ಇಟ್ಟದ್ದು ಅದನ್ನೇ. ಇನ್ನೊಂದು ಸಣ್ಣ ಸಂಗತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಗ ಎಲ್ಲರೂ ಬಳಸುತ್ತಿದ್ದದ್ದು 90 ನಿಮಿಷದ ಕ್ಯಾಸೆಟ್, ಬಹಳ ಮಂದಿಗೆ ಮ್ಯಾಕ್ಸೆಲ್ ಕಂಪನಿಯದ್ದೇ ಆಗಬೇಕು. ಮುಖಕ್ಕೆ 45 ನಿಮಿಷ. ಕಾರ್ನೆಲ್‌ನ ಎರಡನೆಯ ಭಾಗ ಅದರ ಎರಡು ಮುಖಗಳಲ್ಲಿ ಸಲೀಸಾಗಿ ಕೂರುತ್ತದೆ: ಒಂದು ಕಡೆ 'ಸ್ಕಾರ್ಲೆಟ್' ಜೋಡಿ ಮತ್ತು 'ಎಸ್ಟಿಮೇಟೆಡ್ ಪ್ರಾಫೆಟ್', ಇನ್ನೊಂದು ಕಡೆ 'ಸೇಂಟ್ ಸ್ಟೀಫನ್'ನಿಂದ 'ಮಾರ್ನಿಂಗ್ ಡ್ಯೂ'ವರೆಗೆ. ಒಳ್ಳೆಯ ಜಾಗದಲ್ಲಿ ಟೇಪು ಮುಗಿದು ಸಂಗೀತ ತುಂಡಾಗುವ ಗೋಳು ಅದರಲ್ಲಿಲ್ಲ. ಒಬ್ಬರಿಗೆ ಒಂದೇ ಕ್ಯಾಸೆಟ್ ಕೊಟ್ಟು ಈ ತಂಡ ಏನೆಂದು ತೋರಿಸಬೇಕಾದರೆ ಇದಕ್ಕಿಂತ ಅನುಕೂಲದ್ದು ಸಿಗುವುದು ಕಷ್ಟ.

ಬೆಟ್ಟಿಯವರಿಗೂ ಮೊದಲು ಕಛೇರಿಗಳನ್ನು ಮುದ್ರಿಸಿಡುವ ಈ ಚಾಳಿ ಹತ್ತಿಸಿದವರು ಆವ್ಸ್‌ಲಿ ಸ್ಟ್ಯಾನ್ಲಿ. 'ಬೇರ್' ಎಂದರೆ ಎಲ್ಲರಿಗೂ ಗೊತ್ತು. ಎಲ್‌ಎಸ್‌ಡಿ ತಯಾರಿಸಿ ಹೆಸರೂ ದುಡ್ಡೂ ಮಾಡಿ, ಆ ದುಡ್ಡಿನಲ್ಲಿ ಎಳೆಯ ತಂಡವನ್ನು ಸಾಕಿ, ಅದರ ಧ್ವನಿವ್ಯವಸ್ಥೆಯನ್ನೂ ನೋಡಿಕೊಂಡ ಆಸಾಮಿ. ಪ್ರತಿ ರಾತ್ರಿ ಮುದ್ರಿಸುವುದು ಅವರಿಗೆ ದಿನಚರಿ ಬರೆದಂತೆ, ಅವುಗಳನ್ನು ಕರೆಯುತ್ತಿದ್ದದ್ದೂ ಧ್ವನಿಯ ದಿನಚರಿ ಎಂದೇ. ಕಾರ್ಯಕ್ರಮ ಮುಗಿದ ಮೇಲೆ ಕೇಳಿ ನಾಳೆ ಧ್ವನಿ ಹೇಗೆ ಸುಧಾರಿಸಬಹುದು ಎಂದು ತಿಳಿಯುವುದು ಉದ್ದೇಶ. ಮುಂದಿನ ಪೀಳಿಗೆ, ಇತಿಹಾಸ ಎಂಬ ದೊಡ್ಡ ಮಾತೇನೂ ಇರಲಿಲ್ಲ. ತಮ್ಮ ತಂಡದ್ದು ಮಾತ್ರವಲ್ಲ, ಅದೇ ವೇದಿಕೆ ಹತ್ತಿದ ಬೇರೆಯವರದ್ದನ್ನೂ ಹಿಡಿದಿಟ್ಟರು. ಹಾಗಾಗಿ 1970ರ ಮೇ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಫ್ಯಾಮಿಲಿ ಡಾಗ್ ಸಭಾಂಗಣದಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್, ಇಂದ್ರನೀಲ್ ಭಟ್ಟಾಚಾರ್ಯರ ಸಿತಾರ್, ಹತ್ತೊಂಬತ್ತರ ಹರೆಯದ ಜಾಕಿರ್ ಹುಸೇನರ ತಬಲಾ ಕೂಡ ಬೇರ್ ರೀಲಿನಲ್ಲಿ ಉಳಿದು ಐವತ್ತು ವರ್ಷದ ಮೇಲೆ ಆಲ್ಬಮ್ಮಾಗಿ ಹೊರಬಂತು.

ಅದೇ ವರ್ಷ ಫೆಬ್ರುವರಿ 13 ಮತ್ತು 14ರ ಫಿಲ್‌ಮೋರ್ ಈಸ್ಟ್ ಟೇಪು ಬೇರ್ ಅವರದ್ದು. ಅಭಿಮಾನಿಗಳ ಪಟ್ಟಿಯಲ್ಲಿ ಅದು ಯಾವಾಗಲೂ ಮೇಲೆ. ಸರಿಯಾಗಿಯೇ ಇದೆ, ಅರ್ಧ ಗಂಟೆಯ ಆ 'ಡಾರ್ಕ್ ಸ್ಟಾರ್' ಕೇಳಿ ಎದ್ದವರಿಗೆ ಬೇರೆ ಸಾಕ್ಷಿ ಬೇಡ. ಆದರೆ 1970ರ ಮಧ್ಯದಲ್ಲಿ ಬೇರ್ ಮಾದಕವಸ್ತು ಮೊಕದ್ದಮೆಯಲ್ಲಿ ಜೈಲು ಸೇರಿದರು. ಆ ವರ್ಷದ ಉತ್ತರಾರ್ಧದ ಸೌಂಡ್‌ಬೋರ್ಡ್ ಟೇಪುಗಳು ಅಲ್ಲೊಂದು ಇಲ್ಲೊಂದು. ತಂಡ ಆಗ ಸುಮ್ಮನೆ ಕೂತಿರಲಿಲ್ಲ. 'ಅಮೆರಿಕನ್ ಬ್ಯೂಟಿ' ಆಲ್ಬಮ್ ಹೊರಬಂದದ್ದು ಆ ನವೆಂಬರಿನಲ್ಲಿ. ಒಂದೇ ಸಂಜೆ ಮೊದಲು ಅಕೂಸ್ಟಿಕ್ ಗಿಟಾರುಗಳಲ್ಲಿ, ಆಮೇಲೆ ಎಲೆಕ್ಟ್ರಿಕ್‌ನಲ್ಲಿ ನುಡಿಸುತ್ತಿದ್ದ ವರ್ಷವದು. ಸೃಷ್ಟಿಯ ದೃಷ್ಟಿಯಿಂದ ಬಹುಶಃ ಅವರ ಉತ್ತಮ ಕಾಲ. ಮೆಚ್ಚಿನ ಪಟ್ಟಿಗಳಲ್ಲಿ ಆ ಶರತ್ಕಾಲ ಹೆಚ್ಚುಕಡಿಮೆ ಖಾಲಿ. ಗಿಟಾರ್ ಕೈಕೊಟ್ಟದ್ದರಿಂದಲ್ಲ, ರೀಲು ಹಾಕುವವರು ಇಲ್ಲದ್ದರಿಂದ.

ಈ ಖಾಲಿ ಜಾಗಗಳನ್ನು ಅಷ್ಟಿಷ್ಟು ತುಂಬಿದವರು ಪ್ರೇಕ್ಷಕರ ನಡುವೆ ಮೈಕು ಹಿಡಿದು ನಿಂತ ಟೇಪರುಗಳು. ಮೊದಮೊದಲು ಅವರನ್ನು ಕಂಡರೆ ತಂಡದ ಸಿಬ್ಬಂದಿಗೆ ಆಗುತ್ತಿರಲಿಲ್ಲ, ಯಂತ್ರ ಕಿತ್ತುಕೊಂಡದ್ದೂ ಉಂಟು. ಬರಬರುತ್ತ ಕಣ್ಣು ಮುಚ್ಚಿಕೊಂಡರು. ನುಡಿಸಿ ಮುಗಿಸಿದ ಮೇಲೆ ಅದು ನಮ್ಮದಲ್ಲ, ಬೇಕಾದವರು ಒಯ್ಯಲಿ ಎಂಬರ್ಥದ ಮಾತನ್ನು ಗಾರ್ಸಿಯಾ ಆಡಿದ್ದರು. ಮೈಕಿನ ಕಂಬಗಳು ಹೆಚ್ಚಿ ಹಿಂದಿನವರಿಗೆ ವೇದಿಕೆಯೇ ಕಾಣದಂತಾದಾಗ, 1984ರ ಅಕ್ಟೋಬರ್ 27ರಂದು ಬರ್ಕ್ಲಿಯಲ್ಲಿ, ಸೌಂಡ್‌ಬೋರ್ಡಿನ ಹಿಂದೆ ಟೇಪರುಗಳಿಗೇ ಜಾಗ ಬಿಟ್ಟು ಬೇರೆ ಟಿಕೆಟ್ ಮಾಡಿದರು. ಟೇಪಿಗೆ ದುಡ್ಡು ಕೇಳುವ ಹಾಗಿಲ್ಲ ಎಂಬುದೊಂದೇ ಕಟ್ಟಳೆ. ಖಾಲಿ ಕ್ಯಾಸೆಟ್ಟೂ ಅಂಚೆ ಖರ್ಚೂ ಕಳಿಸಿದರೆ ಗುರುತಿಲ್ಲದವರೂ ಪ್ರತಿ ಮಾಡಿ ಕಳಿಸುತ್ತಿದ್ದರು. 90 ನಿಮಿಷದ ಟೇಪು ಪ್ರತಿಯಾಗಲು 90 ನಿಮಿಷವೇ ಬೇಕಿದ್ದ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ. ಪ್ರತಿಯಿಂದ ಪ್ರತಿ ತೆಗೆದಷ್ಟೂ ಹಿನ್ನೆಲೆಯ ಸುಯ್ಯೆಂಬ ಸದ್ದು ಏರುತ್ತಿತ್ತು, ಅದಕ್ಕೇ 'ಎಷ್ಟನೇ ತಲೆಮಾರಿನದು?' ಎಂಬುದು ವಿನಿಮಯದ ಮೊದಲ ಪ್ರಶ್ನೆ.

ಪ್ರೇಕ್ಷಕರ ಟೇಪು ಕೀಳು, ಸೌಂಡ್‌ಬೋರ್ಡೇ ಮೇಲು ಎಂಬ ನಂಬಿಕೆಯನ್ನು ಮುರಿಯುವ ಒಂದು ರಾತ್ರಿ ಇದೆ: 1971ರ ಆಗಸ್ಟ್ 6, ಹಾಲಿವುಡ್ ಪಲೇಡಿಯಂ. ಅಲ್ಲಿನ 'ಹಾರ್ಡ್ ಟು ಹ್ಯಾಂಡಲ್' ಹಾಡಿನಲ್ಲಿ ಗಾರ್ಸಿಯಾರ ಏರಿಕೆಯ ಜತೆಜತೆಗೇ ಸಭೆ ಎದ್ದು ಕೂಗುವುದು ಕೇಳಿಸುತ್ತದೆ. ಆ ಕೂಗಿಗೆ ತಂಡ ಇನ್ನಷ್ಟು ಏರುತ್ತದೆ. ತಂತಿಯಿಂದ ನೇರ ಇಳಿಸಿದ ಟೇಪಿನಲ್ಲಿ ಈ ಕೊಡುಕೊಳ್ಳುವಿಕೆಯ ಒಂದು ಪಕ್ಕ ಮಾತ್ರ ಸಿಗುತ್ತದೆ. ಅದೇ ರಾತ್ರಿಯ ಸೌಂಡ್‌ಬೋರ್ಡ್ ತುಣುಕುಗಳು 2005ರಲ್ಲಿ ಹೊರಬಂದವು, ಅವುಗಳ ಕಥೆಯೂ ರೋಚಕ. ಆ ಶರತ್ಕಾಲದಲ್ಲಿ ಪಿಯಾನೊಗೆ ಹೊಸದಾಗಿ ಸೇರಿದ ಕೀತ್ ಗಾಡ್‌ಶೋ ಅವರಿಗೆ ಹಾಡು ಕಲಿಯಲೆಂದು ಕೊಟ್ಟ ರೀಲುಗಳು ಅವರ ತಂದೆತಾಯಿಯ ದೋಣಿಮನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಬಿದ್ದಿದ್ದವು. ಧ್ವನಿ ಶುಭ್ರವಾಗಿದೆ. ಆದರೂ ಹಳಬರು ಸಭೆಯ ನಡುವಿನಿಂದ ಹಿಡಿದ ಟೇಪನ್ನೇ ಕೇಳುತ್ತಾರೆ, ಅವರ ಕಿವಿಯನ್ನು ನಂಬಬಹುದು.

ವೆನೀಟಾದ ಟೇಪು ಈ ವಾದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. 1972ರ ಆಗಸ್ಟ್ 27, ಲೇಖಕ ಕೆನ್ ಕೀಸಿಯವರ ತಮ್ಮ ಚಕ್ ಕೀಸಿ ಮತ್ತು ಅವರ ಹೆಂಡತಿ ಸ್ಯೂ ನಡೆಸುತ್ತಿದ್ದ ಸ್ಪ್ರಿಂಗ್‌ಫೀಲ್ಡ್ ಡೇರಿಯನ್ನು ಸಾಲದಿಂದ ಪಾರು ಮಾಡಲು ಬಯಲಲ್ಲಿ ನಡೆದ ಸಹಾಯಾರ್ಥ ಕಾರ್ಯಕ್ರಮ. ಟಿಕೆಟುಗಳನ್ನು ಡೇರಿಯ ಮೊಸರಿನ ಲೇಬಲ್ಲುಗಳ ಮೇಲೆ ಅಚ್ಚು ಹಾಕಿಸಿದ್ದರು. ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು, ನೀರಿಗೆ ಹಾಹಾಕಾರ. ವೇದಿಕೆ ಕಟ್ಟಿದ ದಿಕ್ಕಿನಿಂದಾಗಿ ಇಳಿಬಿಸಿಲು ನೇರ ನುಡಿಸುವವರ ಮುಖಕ್ಕೇ ಹೊಡೆಯುತ್ತಿತ್ತು. ಕಾವಿಗೆ ತಂತಿಗಳು ಶ್ರುತಿ ಬಿಡುತ್ತವೆ, ಹಾಡುಹಾಡಿನ ನಡುವೆ ಶ್ರುತಿ ಕೂಡಿಸುವುದೇ ಒಂದು ಕೆಲಸವಾಗುತ್ತದೆ. ಇದೆಲ್ಲ ಟೇಪಿನಲ್ಲಿ ಹಾಗೇ ಇದೆ. ಅರ್ಧ ಗಂಟೆ ಮೀರಿದ 'ಡಾರ್ಕ್ ಸ್ಟಾರ್' ತಾಳವೂ ಇಲ್ಲದ, ಸ್ವರವೂ ನಿಲ್ಲದ ಜಾಗಗಳಿಗೆಲ್ಲ ಹೋಗಿ ಬಂದು, ಕೊನೆಗೆ ಎಲ್ಲಿ ಇಳಿಯುತ್ತದೆ ಗೊತ್ತೇ? 'ಎಲ್ ಪಾಸೊ' ಎಂಬ ಕೌಬಾಯ್ ಲಾವಣಿಗೆ. ಅಷ್ಟು ಹೊತ್ತು ದಿಕ್ಕು ತಪ್ಪಿಸಿಕೊಂಡಿದ್ದ ಗಾರ್ಸಿಯಾರ ಗಿಟಾರ್ ವಿಯರ್ ಅವರ ಹಾಡಿನ ಪಕ್ಕದಲ್ಲಿ ಒಳ್ಳೆಯ ಪಕ್ಕವಾದ್ಯದಂತೆ ನಡೆಯತೊಡಗುತ್ತದೆ. ಕಾರ್ನೆಲ್‌ನ ನುಣುಪು ಇಲ್ಲಿಲ್ಲ. ಕಾರ್ನೆಲ್‌ನಲ್ಲಿ ಇಲ್ಲದ ಅಪಾಯ ಇಲ್ಲಿದೆ. ಒಂದೇ ಟೇಪು ಉಳಿಸಿಕೊಳ್ಳಿ ಎಂದರೆ ಇದನ್ನೇ ಉಳಿಸಿಕೊಳ್ಳಬೇಕು.

ಈ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಇಷ್ಟು: ಟೇಪಿನ ಗುಣವೇ ಎಲ್ಲವೂ ಆದರೆ, ಬೆಟ್ಟಿಯವರೇ ಅಷ್ಟೇ ಚೆನ್ನಾಗಿ ಮುದ್ರಿಸಿದ ಇತರ ರಾತ್ರಿಗಳು ಕಾರ್ನೆಲ್ ಆಗಲಿಲ್ಲವೇಕೆ? ಆಕ್ಷೇಪ ನ್ಯಾಯವಾದದ್ದು. ಕೆಟ್ಟದಾಗಿ ನುಡಿಸಿದ ರಾತ್ರಿಯನ್ನು ಯಾವ ಬೆಟ್ಟಿಯೂ ಉದ್ಧಾರ ಮಾಡಲಾರರು. ಅದಕ್ಕೆ ಉತ್ತರ, ಗುಣದ ಜತೆ ಸರದಿಯೂ ಕೆಲಸ ಮಾಡುತ್ತದೆ ಎಂಬುದು. ಮೊದಲು ಕೇಳಿದ ಒಳ್ಳೆಯ ಟೇಪು ಅಳತೆಗೋಲಾಗಿಬಿಡುತ್ತದೆ, ಆಮೇಲೆ ಬಂದವು ಅದರೆದುರು ಪರೀಕ್ಷೆಗೆ ಕೂರುತ್ತವೆ. ತಂಡದ ಉಗ್ರಾಣದಲ್ಲಿ ಟೇಪುಗಳನ್ನು ನೋಡಿಕೊಳ್ಳುತ್ತಿದ್ದ ಡಿಕ್ ಲಟ್ವಾಲ ಇದನ್ನು ಬಲ್ಲವರು. ಅವರೂ ಟೇಪು ವಿನಿಮಯದ ಹುಚ್ಚಿನಿಂದಲೇ ಬಂದವರು. 1993ರಲ್ಲಿ 'ಡಿಕ್ಸ್ ಪಿಕ್ಸ್' ಸರಣಿ ಶುರು ಮಾಡಿದಾಗ ಎಲ್ಲರ ಹತ್ತಿರವಿದ್ದ ಕಾರ್ನೆಲ್‌ನಿಂದ ಹೊರಡದೆ 1973ರ ಡಿಸೆಂಬರ್ 19ರ ಟ್ಯಾಂಪಾ ಕಾರ್ಯಕ್ರಮದಿಂದ ಹೊರಟರು. ಹಳೆಯ ಎರಡು ಟ್ರ್ಯಾಕಿನ ರೀಲು, ದೋಷಗಳಿವೆ, ನೋಡಿ ಕೊಳ್ಳಿ ಎಂದು ಡಬ್ಬಿಯ ಮೇಲೇ ಎಚ್ಚರಿಕೆ ಹಾಕಿದ ಸರಣಿಯದು. 1999ರಲ್ಲಿ ಅವರು ತೀರಿಕೊಂಡ ಮೇಲೂ ಮುಂದುವರಿದು 36 ಸಂಪುಟಗಳಾದವು.

ಬೇಕಾದಂತೆ ಎತ್ತಿ ಇಳಿಸಬಹುದಾದ ಬಹುಟ್ರ್ಯಾಕ್ ಮುದ್ರಣ ಇದ್ದರೆ ಇನ್ನೂ ಮೇಲು ಎನ್ನುವವರಿಗೆ 'ಯುರೋಪ್ 72' ಉದಾಹರಣೆ. ಅದು ಸೊಗಸಾದ ಆಲ್ಬಮ್. ಆದರೆ ಕಂಠದ ಬಹುಭಾಗವನ್ನು ಊರಿಗೆ ಮರಳಿದ ಮೇಲೆ ಸ್ಟುಡಿಯೊದಲ್ಲಿ ಮತ್ತೆ ಹಾಡಿ ಕೂರಿಸಿದರು, ಚಪ್ಪಾಳೆಯನ್ನು ಒರೆಸಿದರು. ಅದರಲ್ಲಿರುವ ಲಂಡನ್ನಿನ ಲೈಸಿಯಂ ರಂಗಮಂದಿರದ 'ಮಾರ್ನಿಂಗ್ ಡ್ಯೂ' ಕಾರ್ನೆಲ್‌ನದಕ್ಕಿಂತ ಆಳವಾದದ್ದು. ಆದರೂ ಅದು 'ಯುರೋಪ್ 72' ಆಲ್ಬಮ್ಮಿನ ಹಾಡು ಎಂದೇ ಪರಿಚಿತ, 'ಐದು ಇಪ್ಪತ್ತಾರು ಎಪ್ಪತ್ತೆರಡು' ಎಂದು ಕರೆದವರು ಬಹಳ ಕಾಲ ಕಡಿಮೆ.

2011ರಲ್ಲಿ ಆ ಯುರೋಪ್ ಪ್ರವಾಸದ 22 ಕಾರ್ಯಕ್ರಮಗಳೂ 73 ಸೀಡಿಗಳಲ್ಲಿ ಒಟ್ಟಿಗೆ ಬಂದವು. ಎಲ್ಲವೂ 16 ಟ್ರ್ಯಾಕಿನಿಂದ, ಎಲ್ಲವಕ್ಕೂ ಒಂದೇ ಆರೈಕೆ. ಪೆಟ್ಟಿಗೆಯೊಳಗೆ ಯಾವುದೂ ಇನ್ನೊಂದಕ್ಕಿಂತ ಮೊದಲು ಬರಲಿಲ್ಲ, ಯಾವುದೂ ನಾಲ್ಕನೇ ತಲೆಮಾರಿನ ಪ್ರತಿಯಲ್ಲ. ಈ ಲೇಖನದ ವಾದವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಕೊಂಡವರು ಈಗ ಏನನ್ನು ಮೆಚ್ಚುತ್ತಾರೆ? ಒಬ್ಬರಿಗೆ ಏಪ್ರಿಲ್ 8ರ ವೆಂಬ್ಲಿ, ಇನ್ನೊಬ್ಬರಿಗೆ ಮುಕ್ಕಾಲು ಗಂಟೆ ಮೀರಿದ 'ಡಾರ್ಕ್ ಸ್ಟಾರ್' ಇರುವ ರಾಟರ್ಡ್ಯಾಮ್, ಮತ್ತೊಬ್ಬರಿಗೆ ಲೈಸಿಯಂನ ಕೊನೆಯ ರಾತ್ರಿ. ಅದರಲ್ಲೇ ಅಕೂಸ್ಟಿಕ್ಕಿನಷ್ಟು ಹಗುರಾದ ಕಂಟ್ರಿ ಹಾಡುಗಳಿಗಾಗಿ ಕೋಪನ್‌ಹೇಗನ್ನನ್ನು ಮುಂದಿಡುವವರೂ ಇದ್ದಾರೆ. ಮತ ಚೆದುರಿದೆ, ಕಾರ್ನೆಲ್‌ನಂಥ ಒಂದೇ ಹೆಸರು ಮೇಲೇಳಲಿಲ್ಲ. ಕಾರ್ನೆಲ್ ಕೂಡ 2017ರಲ್ಲಿ ನ್ಯೂ ಹೇವನ್, ಬಾಸ್ಟನ್, ಬಫಲೋಗಳ ಜತೆ ಒಂದೇ ಪೆಟ್ಟಿಗೆಯಲ್ಲಿ ಅಧಿಕೃತವಾಗಿ ಹೊರಬಂತು. ಅದೇ ಪೆಟ್ಟಿಗೆ ಮೂವತ್ತು ವರ್ಷ ಮೊದಲು ಬಂದಿದ್ದರೆ, ಬಾರ್ಟನ್ ಹಾಲ್ ಬಫಲೋದ ಜತೆ ಮತ ಹಂಚಿಕೊಂಡು, 1977ರ ಮೇ ತಿಂಗಳ ಒಳ್ಳೆಯ ರಾತ್ರಿಗಳಲ್ಲಿ ಒಂದಾಗಿ ನಿಲ್ಲಬೇಕಾಗುತ್ತಿತ್ತು.